ಯಾರ ಮನಸ್ಸನ್ನೂ ನೋಯಿಸದ ಮೇಜರ್

ದಂಡಿನ ಆ ಮೇಜರ್ ಸಾಹೇಬರು ಇರುವೆ ಕಚ್ಚಿದರೂ ಅದರ ಮನಸ್ಸು ನೋಯದಂತೆ ಬಿಡಿಸುವ ಆಸಾಮಿ. ಸಿಪಾಯಿಗಳ ವಾರ್ಷಿಕ ವರದಿಯಲ್ಲಿ ಅವರು ಬರೆದರೆ ಶುದ್ಧ ಸೋಮಾರಿಯೂ 'ಸಮಾಧಾನಿ'. "ಸಾರ್, ನಮ್ಮ ತುಕಡಿಯ ಆ ಸಿಪಾಯಿ ತನ್ನ ಮತ ಒಪ್ಪದೋರಿಗೆ ಗುಂಡೇ ಗತಿ ಅಂತಿದಾನೆ. ನಾನೂ ಅದೇ ಮತದವನು, ನಮ್ಮಲ್ಲಿ ಹೀಗೆ ಯಾರೂ ಹೇಳ್ಕೊಡಲ್ಲ," ಎಂದು ಹವಾಲ್ದಾರ ಮೂರನೆಯ ಸಲ ಬಂದು ಗೋಗರೆದಾಗಲೂ, "ಬರೆದ್ರೆ ನಮ್ಮನ್ನ ಮತದ್ವೇಷಿ ಅಂತಾರಪ್ಪ," ಎಂದು ನಕ್ಕು, 'ನಂಬಿಕೆಯಲ್ಲಿ ದೃಢ' ಎಂದಷ್ಟೇ ಗೀಚಿದರು. ಅದೇ ಸಿಪಾಯಿ ಒಂದು ಮಧ್ಯಾಹ್ನ ಊಟದ ಸಾಲಿನ ಮೇಲೆ ಗುಂಡು ಹಾರಿಸಿದ. ಅಡ್ಡ ಹೋದ ಹವಾಲ್ದಾರ ಸತ್ತ. ವಿಚಾರಣೆಯ ದಿನ ಮೇಜರ್ ಪರ ವಕೀಲರು, "ನೆನಪಿಲ್ಲ ಅಂದ್ಬಿಡಿ," ಎಂದು ತೋಳು ಜಗ್ಗಿದರು. ಮೇಜರ್ ಬಿಡಿಸಿಕೊಂಡು ಎದ್ದು, ಹವಾಲ್ದಾರನ ಹೆಂಡತಿಯತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ನಿಮ್ಮ ಯಜಮಾನ್ರು ಮೂರು ಸಲ ಹೇಳಿದ್ರಮ್ಮ. ನಾನು ಬರೀಲಿಲ್ಲ."