ನಿಂಗರಾಜು ಮುಟ್ಟದ ಬ್ರೇಕು

ಆ ಬ್ರೇಕನ್ನು ಬಿಚ್ಚಿದವಳು ನಾನು. ಜೋಡಿಸಿದವಳೂ ನಾನೇ. ಮೆಕ್ಯಾನಿಕ್ ನಿಂಗರಾಜು ಅದನ್ನು ಮುಟ್ಟಿರಲಿಲ್ಲ — ಆ ಸಲ ನಮ್ಮ ಗಾಡಿ ಅವನ ಗ್ಯಾರೇಜಿನ ಬಾಗಿಲನ್ನೂ ಕಂಡಿರಲಿಲ್ಲ. ಆದರೂ ಮದ್ದೂರಿನ ನಡುಬೀದಿಯಲ್ಲಿ ಪೆಟ್ಟು ತಿಂದವನು ಅವನು. ನಾನು ಆಡಿದ ಒಂದು ಮಾತಿಗೆ.

ಇದನ್ನು ಓದಿ ಯಾರಾದರೂ, ಹೆಂಗಸಿಗೆ ಯಾಕೆ ಬೇಕಿತ್ತು ಈ ಕೆಲಸ ಎನ್ನುವುದಾದರೆ ಈಗಲೇ ಹೇಳಿಬಿಡುತ್ತೇನೆ — ಆ ಪ್ರಶ್ನೆಗೆ ನಾನು ತಲೆ ತಗ್ಗಿಸುವುದಿಲ್ಲ. ತಗ್ಗಿಸಬೇಕಾದ್ದು ಬೇರೆ ಇದೆ.

ನಾನು ಮದ್ದೂರಿನಿಂದ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಬೈಕಿನಲ್ಲಿ ಹೋಗಿಬರುವವಳು. ಅಲ್ಲಿ ಬೀಜ ಮೊಳೆಯಿಸಿ ನೋಡುವ ಕೆಲಸ ನನ್ನದು. ಗಾಡಿಯೂ ನನ್ನದೇ, ಆದರೆ ಮನೆಯವರೆಲ್ಲ ಓಡಿಸುತ್ತಿದ್ದರು. ಆ ವರ್ಷ ಮುಂದಿನ ಡಿಸ್ಕ್ ಬ್ರೇಕು ಕಚ್ಚಿಕೊಳ್ಳತೊಡಗಿತು. ಲಿವರ್ ಬಿಟ್ಟರೂ ಚಕ್ರವನ್ನು ಬಿಡುತ್ತಿರಲಿಲ್ಲ. ಮಂಡ್ಯ ತಲುಪುವಷ್ಟರಲ್ಲಿ ಡಿಸ್ಕು ಕಾದ ಕಾವಲಿಯಾಗಿರುತ್ತಿತ್ತು. ನಾನೇ ಬಿಚ್ಚಿ ಸರಿಮಾಡುತ್ತೇನೆ ಎಂದಾಗ ನಮ್ಮ ಯಜಮಾನರು, "ಸುಮ್ಕೆ ನಿಂಗರಾಜುಗೆ ಬುಡು. ನಿಂಗ್ಯಾಕಮ್ಮಿ ಆ ಉಸಾಬರಿ? ಬೀದಿಯವ್ರು ನಗ್ತಾರೆ" ಅಂದರು.

ಆ ನಗುವಿನ ಮಾತೇ ನನ್ನನ್ನು ಕೆಣಕಿತು.

ಅವರು ಮದುವೆಯೊಂದಕ್ಕೆ ಹೋದ ಭಾನುವಾರ ಹಿತ್ತಿಲಲ್ಲಿ ಗೋಣಿಚೀಲ ಹಾಸಿಕೊಂಡು ಕೂತೆ. ಮಂಡ್ಯದ ಅಂಗಡಿಯಿಂದ ರಬ್ಬರ್ ಸೀಲುಗಳನ್ನೂ ಬ್ರೇಕ್ ಆಯಿಲನ್ನೂ ತಂದಿಟ್ಟುಕೊಂಡಿದ್ದೆ. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಬಿಚ್ಚಿ, ಲಿವರ್ ಒತ್ತಿ ಒತ್ತಿ ಅದರೊಳಗಿನ ಪಿಸ್ಟನನ್ನು ಹೊರಗೆ ತಂದೆ. ಸುತ್ತಲೂ ಕೆಸರು ಕಲ್ಲಾಗಿ ಕೂತಿತ್ತು. ಉಜ್ಜಿದೆ. ಹಳೆಯ ಸೀಲು ಕಿತ್ತು, ಹೊಸದನ್ನು ಬ್ರೇಕ್ ಆಯಿಲಿನಲ್ಲಿ ಅದ್ದಿ ಕೂರಿಸಿದೆ. ಪಿಸ್ಟನ್ ಹೆಬ್ಬೆರಳಿನ ಒತ್ತಿಗೇ ಒಳಗೆ ಜಾರಿತು. ಆಮೇಲೆ ಬ್ಲೀಡಿಂಗ್ — ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಹಾಕುವುದು. ಲಿವರ್ ಒತ್ತಿ ಹಿಡಿದು, ಕೆಳಗೆ ಕ್ಯಾಲಿಪರಿನಲ್ಲಿರುವ ನಿಪ್ಪಲ್ ತಿರುಪನ್ನು ಸಡಿಲಿಸಿ, ಗುಳ್ಳೆ ಹೊರಬಿದ್ದ ಮೇಲೆ ಮತ್ತೆ ಬಿಗಿದು, ಆಗಷ್ಟೇ ಲಿವರ್ ಬಿಡಬೇಕು. ಹ್ಯಾಂಡಲ್ ಮೇಲಿನ ಡಬ್ಬಿಯಲ್ಲಿ ಆಯಿಲ್ ಬತ್ತಬಾರದು. ಎಷ್ಟು ಹೊತ್ತು ಹಾಗೇ ಮಾಡುತ್ತಿದ್ದೆನೋ... ಬೆರಳಡಿಯಲ್ಲಿ ಮೆತ್ತಗೆ ಮುಳುಗುತ್ತಿದ್ದ ಲಿವರ್ ಒಮ್ಮೆಲೇ ಗಟ್ಟಿಯಾಗಿ ನಿಂತಿತು. ಆಗ ನನಗಾದ ಸಂತೋಷವನ್ನು ಇವತ್ತಿಗೂ ಪಾಪ ಎನ್ನಲಾರೆ.

ತಪ್ಪಾದದ್ದು ಒಂದು ಕಡೆ. ಆಯಿಲ್ ಪೈಪು ಕ್ಯಾಲಿಪರಿಗೆ ಸೇರುವಲ್ಲಿ, ಬೋಲ್ಟಿಗೆ ತಾಮ್ರದ ವಾಷರುಗಳಿರುತ್ತವೆ. ಬಿಚ್ಚಿದ ಮೇಲೆ ಹೊಸದನ್ನೇ ಹಾಕಬೇಕು. ನನ್ನ ಬಳಿ ಇರಲಿಲ್ಲ. ಹಳೆಯದನ್ನೇ ಒರೆಸಿ ಹಾಕಿದೆ.

ಸಂಜೆ ಯಜಮಾನರು ಲಿವರ್ ಹಿಡಿದು ನೋಡಿ, "ಪರ್ವಾಗಿಲ್ವೇ! ನಿಂಗರಾಜು ತಾನೆ ಮಾಡಿದ್ದು?" ಅಂದರು. ಹೂಂ ಅಂದೆ. ಜಗಳ ಬೇಡವೆಂದು ಆಡಿದ ಸಣ್ಣ ಸುಳ್ಳು — ಸಣ್ಣದು ಅಂದುಕೊಂಡಿದ್ದೆ.

ಕೆಲವು ದಿನಗಳಾದ ಮೇಲೆ, ಒಂದು ಬೆಳಿಗ್ಗೆ, ಆ ಬೋಲ್ಟಿನ ಕೆಳಗೆ ಹನಿಯೊಂದು ಕಂಡಿತು. ಮುಟ್ಟಿದೆ. ನೀರಲ್ಲ, ಜಿಡ್ಡು. ಏನೆಂದು ತಿಳಿಯಲಿಲ್ಲ ಎಂದು ಇಲ್ಲಿ ಬರೆಯಬಹುದಿತ್ತು — ಆದರೆ ತಿಳಿಯಿತು, ಬ್ರೇಕ್ ಆಯಿಲ್ ಸೋರುತ್ತಿದೆ ಎಂದು. ಬಟ್ಟೆಯಿಂದ ಒರೆಸಿದೆ. ಸಂಜೆ ವಾಷರ್ ತಂದು ಬದಲಿಸೋಣ ಎಂದುಕೊಂಡು ಕೆಲಸಕ್ಕೆ ಬಸ್ಸಿನಲ್ಲಿ ಹೋದೆ. ಬಸ್ಸಿನಲ್ಲಿ ಹೋದೆ! ಅಂದರೆ ನನ್ನ ಜೀವವನ್ನು ನಾನು ಕಾಪಾಡಿಕೊಂಡೆ. ಗಾಡಿ ಮುಟ್ಟಬೇಡಿ ಎಂದು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದರು.

ಅವತ್ತೇ ನನ್ನ ಮೈದುನ ಮಹೇಶ ಟಗರು ನೋಡಿಬರಲು ಬಂಡೂರಿಗೆ ಗಾಡಿ ತೆಗೆದುಕೊಂಡು ಹೋದ. ಮಳವಳ್ಳಿ ರಸ್ತೆಯ ಇಳಿಜಾರಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ಲಿವರ್ ಹ್ಯಾಂಡಲ್ಲಿಗೇ ತಾಗುವಷ್ಟು ಒಳಗೆ ಬಂತಂತೆ, ಬ್ರೇಕು ಮಾತ್ರ ಹಿಡಿಯಲಿಲ್ಲ. ಹಿಂದಿನ ಬ್ರೇಕೊಂದೇ ಸಾಲದೆ ಟ್ರೈಲರಿಗೆ ಗುದ್ದಿದ. ಜೀವ ಉಳಿಯಿತು; ಬಲಮೊಣಕಾಲು ಚೂರಾಯಿತು. ಪೊಲೀಸ್ ಆಗಬೇಕೆಂದು ದಿನಾ ಬೆಳಿಗ್ಗೆ ಕಾಲುವೆ ಏರಿಯ ಮೇಲೆ ಓಡುತ್ತಿದ್ದ ಹುಡುಗ ಅವನು.

ಆಸ್ಪತ್ರೆಯಿಂದ ಬರುತ್ತ ಯಜಮಾನರು ನೇರವಾಗಿ ನಿಂಗರಾಜುವಿನ ಗ್ಯಾರೇಜಿಗೆ ನುಗ್ಗಿದರು; ನಾನೂ ಹಿಂದೆಯೇ ಇದ್ದೆ. ಜೊತೆಗಿದ್ದ ಅವರ ಸೋದರಮಾವನ ಮಗ ನಿಂಗರಾಜುವನ್ನು ಬೀದಿಗೆ ಎಳೆತಂದು ಎರಡೂ ಕೈಗಳನ್ನು ಹಿಂದಕ್ಕೆ ಹಿಡಿದುಕೊಂಡ. ಯಜಮಾನರು ಕಪಾಳಕ್ಕೆ ಹೊಡೆದರು.

"ಅಣ್ಣ, ಆ ಬ್ರೇಕ್ನ ನಾನ್ ಮುಟ್ಟೇ ಇಲ್ಲ ಕಣಣ್ಣ!"

ಜನ ಸೇರಿದರು. ಅವನು ನನ್ನ ಕಡೆ ತಿರುಗಿದ. ಆ ಮುಖದಲ್ಲಿ ಭಯವಿರಲಿಲ್ಲ — ಈ ಹೆಂಗಸು ನಿಜ ಹೇಳುತ್ತಾಳೆ ಎಂಬ ನಂಬಿಕೆಯಿತ್ತು.

"ಅಕ್ಕ, ನೀವೇ ಯೋಳಿ. ಗಾಡಿ ನಂತಾವ ತಂದಿದ್ರಾ?"

"ತಂದಿದ್ದೆ" ಅಂದೆ.

ಎರಡನೆಯ ಏಟು ಇನ್ನೂ ಜೋರಾಗಿತ್ತು. ಅವನ ಸ್ಪ್ಯಾನರುಗಳೆಲ್ಲ ರಸ್ತೆಯ ಪಾಲಾದವು. ಬ್ರೇಕು ಕೆಡಿಸುವವನು ಎಂಬ ಹೆಸರು ಬಂದ ಮೇಲೆ ಯಾರು ಗಾಡಿ ಕೊಡುತ್ತಾರೆ? ವರ್ಷ ತುಂಬುವುದರೊಳಗೆ ಗ್ಯಾರೇಜು ಮುಚ್ಚಿ, ಊರಾಚೆ ಒಂದು ಶೆಡ್ಡಿನಲ್ಲಿ ಪಂಚರು ಹಾಕತೊಡಗಿದ.

ಇಷ್ಟು ವರ್ಷ ಸುಮ್ಮನಿದ್ದವಳು ಈಗೇಕೆ ಬಾಯಿ ಬಿಟ್ಟೆ? ಮಹೇಶನ ಮಗಳಿಂದ. ಮೊನ್ನೆ ಹಬ್ಬದ ಊಟಕ್ಕೆ ಕೂತಿದ್ದಾಗ ನೆಂಟರ್ಯಾರೋ ಅವನ ಕುಂಟಿನ ಬಗ್ಗೆ ಕೇಳಿದರು. ಆ ಮಗು, ಪಾಠ ಒಪ್ಪಿಸುವಂತೆ, "ನಮ್ಮಪ್ಪನ ಕಾಲ್ ಮುರ್ದೋನು ನಿಂಗರಾಜು" ಅಂದಿತು. ನನ್ನ ಸುಳ್ಳು ನನ್ನೊಂದಿಗೇ ಸಾಯುವುದಿಲ್ಲ, ಈ ಮಗುವಿನ ಬಾಯಲ್ಲಿ ಬಾಳುತ್ತದೆ ಎಂದು ಆಗ ಅರಿವಾಯಿತು.

"ಅಲ್ಲ ಕಣವ್ವ," ಅಂದೆ. "ನಿಮ್ಮಪ್ಪನ ಕಾಲ್ ಮುರ್ದೋಳು ನಾನು."

ಎಲ್ಲವನ್ನೂ ಹೇಳಿದೆ. ಹನಿಯನ್ನೂ, ಬಸ್ಸನ್ನೂ. ಮಹೇಶ ಎಲೆಯಿಂದ ಕೈ ತೆಗೆದ. "ಅತ್ಗೆ, ಒಂದ್ ಮಾತು ಯೋಳಿದ್ರೆ ನಾನೂ ಬಸ್ಸಲ್ಲೇ ಓಗ್ತಿದ್ದೆ" ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಯಜಮಾನರು ಮಾತ್ರ ಎದ್ದು ನಿಂತು, "ಅದ್ಕೇ ಅಂದಿದ್ದು, ಎಂಗಸ್ರು ಸ್ಪ್ಯಾನರ್ ಮುಟ್ಬಾರ್ದು ಅಂತ!" ಎಂದು ಕೂಗಾಡಿದರು.

"ಮುಟ್ಟಿದ್ದು ತಪ್ಪಲ್ಲ. ಬಾಯಿ ಮುಚ್ಕಂಡಿದ್ದು ತಪ್ಪು. ಆದ್ರೆ ಒಡ್ದಿದ್ದು ನೀವು. ನಾಳೆ ನಿಂಗರಾಜುತಾವ ನಂಜೊತೆ ನೀವೂ ಬನ್ನಿ" ಅಂದೆ.

ಅವರು ಬರಲಿಲ್ಲ. ನಾನೊಬ್ಬಳೇ ಆ ಪಂಚರು ಶೆಡ್ಡಿಗೆ ಹೋದೆ. ನಿಂಗರಾಜು ಟ್ಯೂಬ್ ಉಜ್ಜುತ್ತಲೇ ಕೇಳಿಸಿಕೊಂಡ. "ನನ್ನೆಂಡ್ತಿ ಕೂಡ ನನ್ನ ನಂಬ್ನಿಲ್ಲ ಕಣಕ್ಕ" ಅಂದ. ಅದು ನನಗೆ ಗೊತ್ತಿರಲಿಲ್ಲ. ಆಮೇಲೆ ತಲೆಯೆತ್ತಿ, "ಈ ಶೆಡ್ಡಿನ ತಗಡಿಗೆ ಯೋಳಿ ಏನ್ ಬಂತು? ನಂಗೆ ಒಡ್ದಿದ್ದು ಬೀದೀಲಿ" ಅಂದ.

ಹಳೆಯ ಗ್ಯಾರೇಜಿದ್ದ ಬೀದಿಗೆ ಹೋಗಿ, ಟೀ ಅಂಗಡಿಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ. ಒಬ್ಬ ನಕ್ಕ. "ಎಂಗಸು ಬ್ರೇಕ್ ಮಾಡಿದ್ರೆ ಇನ್ನೇನಾಯ್ತದೆ!"

"ಗಂಡಸು ಆಕಿದ್ರೂ ಅಳೇ ವಾಷರ್ ಸೋರ್ತದೆ ಕಣಪ್ಪ. ನಗಾದಾದ್ರೆ ನಾನ್ ಸುಳ್ಳು ಯೋಳಿದ್ದಕ್ಕೆ ನಗು" ಅಂದೆ.

ನಿಂಗರಾಜು ಕ್ಷಮಿಸಿಲ್ಲ. ನಾನು ಕೇಳಿಯೂ ಇಲ್ಲ; ಅವನಿಂದ ಕಿತ್ತುಕೊಂಡದ್ದು ಸಾಕು, ಅದೊಂದನ್ನೂ ಬೇಡುವ ಮುಖ ನನಗಿಲ್ಲ. ಅವನ ಹೆಂಡತಿಯನ್ನು ಕಂಡು, ಅವರೆದುರೂ ಹೇಳಿಬಂದೆ. ಆಕೆ ಬಾಗಿಲು ಹಾಕಿಕೊಂಡರು. ಯಜಮಾನರು ನನ್ನೊಡನೆ ಮಾತು ಬಿಟ್ಟಿದ್ದಾರೆ, ಮನೆ ಮರ್ಯಾದೆ ತೆಗೆದೆನಂತೆ. ತೆಗೆದದ್ದು ಈಗಲ್ಲ, ಆವತ್ತು.

ಆವತ್ತು ನಿಂಗರಾಜುವಿನ ಕೈಗಳನ್ನು ಹಿಂದಕ್ಕೆ ಹಿಡಿದಿದ್ದ ಯಜಮಾನರ ಸೋದರಮಾವನ ಮಗ ಕೆರಗೋಡಿನಲ್ಲಿದ್ದಾನೆ. ನಾಳೆ ಕೆಲಸ ಮುಗಿಸಿಕೊಂಡು ಅವನ ಮನೆಗೆ ಹೋಗುತ್ತೇನೆ. ಒಳಗೆ ಕರೆದರೂ ಹೋಗುವುದಿಲ್ಲ — ಅಕ್ಕಪಕ್ಕದವರಿಗೆ ಕೇಳಿಸುವ ಹಾಗೆ, ಜಗಲಿಯ ಮೇಲೆ ನಿಂತೇ ಹೇಳುತ್ತೇನೆ.