ನಮಸ್ಕಾರ ಮಾಡುವ ಕಾರು

ಪಾಲಾಕ್ಷಪ್ಪ ನಲವತ್ತಾರು ವರ್ಷ ಬದುಕಿ ಒಮ್ಮೆಯೂ ‘ನನಗೆ ಗೊತ್ತಿಲ್ಲ’ ಎಂದವನಲ್ಲ. ಕೊಟ್ಟೂರಿನಲ್ಲಿ ಅವನದು ಬೀಜ, ಗೊಬ್ಬರದ ಅಂಗಡಿ. ಮೆಕ್ಕೆಜೋಳದ ಸುಳಿ ಒಣಗಿದರೂ, ಯಾರದೋ ಸೊಸೆಗೆ ಹೊಟ್ಟೆನೋವು ಬಂದರೂ ಅವನ ಬಳಿ ಉತ್ತರ ಸಿದ್ಧವಿರುತ್ತಿತ್ತು. ರೈತರು ಅದನ್ನು ಪೂರ್ತಿ ಕೇಳಿಸಿಕೊಂಡು, ತಮಗೆ ಬೇಕಾದ ಔಷಧಿಯನ್ನೇ ಕೊಂಡು ಹೋಗುತ್ತಿದ್ದರು. ಆದ್ದರಿಂದ ಯಾರ ಬೆಳೆಯೂ ಹಾಳಾಗಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಟ್ರಾಕ್ಟರ್ ಕಂಪನಿಯೊಂದು ಕೊಟ್ಟೂರು–ಹರಪನಹಳ್ಳಿ ಕಡೆಗೆ ಏಜೆನ್ಸಿ ಕೊಡಲು ಹೊರಟಿತು. ಪಾಲಾಕ್ಷಪ್ಪ ಅರ್ಜಿ ಹಾಕಿದ. ಅಂಗಡಿ ಪಾಲಾಕ್ಷಪ್ಪ ಶೋರೂಮ್ ಪಾಲಾಕ್ಷಪ್ಪ ಆಗಬೇಕೆಂಬುದು ಅವನ ಜೀವದ ಆಸೆ. ಅದಕ್ಕೆ ಮೊದಲು ತೂಕದ ವಾಹನವೊಂದು ಬೇಕೆಂದು ಅವನೇ ತೀರ್ಮಾನಿಸಿದ. ಕಂಪನಿಯವರು ಹಾಗೆಂದಿರಲಿಲ್ಲ.

ಹೊಸಪೇಟೆಯ ಅದಿರು ಸಾಗಣೆದಾರನೊಬ್ಬ ತನ್ನ ವಿದೇಶಿ ಕಾರನ್ನು ಮಾರುತ್ತಿದ್ದ. ಕಾರೂ ಅಲ್ಲದ, ಜೀಪೂ ಅಲ್ಲದ, ಎರಡೂ ಆಗಲು ಹೊರಟ ವಸ್ತು. ಒಳಗೆ ಬಿಳಿ ತೊಗಲಿನ ಸೀಟು, ತಲೆಯ ಮೇಲೆ ಗಾಜಿನ ಮಾಡು. ಹೊಸದರ ಬೆಲೆಯ ಐದನೆಯ ಒಂದು ಪಾಲಿಗೆ ಸಿಕ್ಕಿತು.

“ಐವತ್ತು ಲಕ್ಷದ್ದು ಹತ್ತಕ್ಕ ಕೊಡ್ತಾನಂದ್ರ ಅವನಿಗೆ ಹುಚ್ಚು ಹಿಡದೈತೋ, ನಿಮಗ ಹಿಡದೈತೋ?” ಎಂದು ಕೇಳಿದಳು ಹೆಂಡತಿ ನಾಗಲಿಂಗಮ್ಮ.

“ಗಾಡಿ ವಿಷಯ ನಿನಗೇನು ತಿಳೀತೈತಿ?”

“ತಿಳಿಯಂಗಿಲ್ಲ. ಅದಕ್ಕ ಕೇಳಾಕತ್ತೀನಿ. ನೀವು ಕೇಳಿದ್ರೇನು?”

ಅವನು ಕೇಳಿರಲಿಲ್ಲ. ಕೇಳುವುದೆಂದರೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ.

ಈ ಕಾರಿಗೆ ಉಕ್ಕಿನ ಸ್ಪ್ರಿಂಗುಗಳಿರಲಿಲ್ಲ. ಗಾಳಿ ತುಂಬಿದ ನಾಲ್ಕು ರಬ್ಬರ್ ಚೀಲಗಳ ಮೇಲೆ ಅದು ನಿಲ್ಲುತ್ತಿತ್ತು. ಅದಿರು ಲಾರಿಗಳು ಅಗೆದುಹಾಕಿದ ಕೂಡ್ಲಿಗಿ ರಸ್ತೆಯಲ್ಲಿ ಮೂರು ವರ್ಷ ಓಡಿ ಮುಂದಿನ ಎರಡು ಚೀಲ ಬಿರುಕು ಬಿಟ್ಟಿದ್ದವು. ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಗಾಳಿ ಸೋರಿ ಕಾರಿನ ಮೂತಿ ನೆಲಕ್ಕೆ ಬಾಗುತ್ತಿತ್ತು. ಎಂಜಿನ್ ಚಾಲೂ ಮಾಡಿದರೆ ಗಾಳಿ ತುಂಬುವ ಯಂತ್ರ ಎರಡು ನಿಮಿಷ ನರಳಿ ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತಿತ್ತು.

ಮೊದಲು ಕಂಡವನು ಗಾಳೆಪ್ಪ. ಬೀಜಕ್ಕೆಂದು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ರೈತ.

“ಏನ್ರಿ ಸಾವ್ಕಾರ್ರ, ನಿಮ್ಮ ಗಾಡಿ ಕುಂತೈತಲ್ಲ?”

“ಕುಂತಿಲ್ಲೋ. ನಮಸ್ಕಾರ ಮಾಡಾಕತ್ತೈತಿ. ಮಾಲಕನ್ನ ಕಂಡ್ರ ಬಗ್ಗತೈತಿ. ಫಾರಿನ್ ಗಾಡಿ ಸಂಸ್ಕಾರ ಅದು.”

“ಹೌದೇನ್ರಿ! ನನ್ನ ಎತ್ತಿಗೆ ಇಷ್ಟು ಬುದ್ಧಿ ಇಲ್ಲ ಬಿಡ್ರಿ,” ಎಂದ ಗಾಳೆಪ್ಪ, ಮುಖದ ಒಂದು ಗೆರೆಯೂ ಅಲುಗದಂತೆ. ಸಂಜೆಯೊಳಗೆ ಸಂತೆಯಲ್ಲೆಲ್ಲ ಸುದ್ದಿಯಾಯಿತು.

ಕೂಡ್ಲಿಗಿ ರಸ್ತೆಯಲ್ಲಿ ಟ್ರಾಕ್ಟರ್ ರಿಪೇರಿ ಮಾಡುವ ಮಾರೇಶ್ ಕಾರಿನ ಅಡಿ ನುಸುಳಿ ನೋಡಿ ಬಂದ. “ಗಾಳಿ ಚೀಲ ಹರದಾವ್ರಿ ಅಣ್ಣ. ಬೆಂಗಳೂರಿಂದ ತರಸ್ರಿ. ಒಂದಕ್ಕ ಎಂಬತ್ತು ಸಾವಿರ ಆಕ್ಕೈತಿ. ಹಂಗ ಬಿಟ್ರ ಗಾಳಿ ತುಂಬೋ ಮಷೀನು ದುಡದು ದುಡದು ಸಾಯ್ತೈತಿ. ಅದಕ್ಕ ಇನ್ನೂ ಜಾಸ್ತಿ.”

“ನೀನು ಟ್ರಾಕ್ಟರ್ ನೋಡಿದಾವ. ಇದು ಹಂಗ ಇರಾದು.”

“ಹರದದ್ದು ಹರದದ್ದ ಅಲ್ಲೇನ್ರಿ, ಫಾರಿನ್ ಆದ್ರೇನು, ಕೊಟ್ಟೂರಾದ್ರೇನು?”

ಕಾರು ತನ್ನ ಕೆಲಸ ಮುಂದುವರಿಸಿತು. ಹಡಗಲಿಗೆ ಹೋಗಿ ಬಂದರೆ ಅಂಗಡಿಯ ಒಂದು ದಿನದ ಲಾಭ ಪೆಟ್ರೋಲಿಗೆ ಮುಗಿಯಿತು. ಒಂದು ಟೈರಿಗೆ ಇಪ್ಪತ್ತೆರಡು ಸಾವಿರ. ಗಾಜಿನ ಮಾಡಿನ ಅಂಚಿನಲ್ಲಿ ನೀರು ಹರಿದುಹೋಗುವ ಕಿಂಡಿಗೆ ಕೆಂಧೂಳು ಕಟ್ಟಿ, ಬಂದ ಒಂದೇ ಮಳೆ ನಾಗಲಿಂಗಮ್ಮನ ಮಡಿಲಿಗೆ ಬಿತ್ತು. ಎಂಜಿನ್ ತಂಪಾಗಿಡುವ ದ್ರವ ದುಬಾರಿಯೆಂದು ಪಾಲಾಕ್ಷಪ್ಪ ಬೋರಿನ ನೀರು ಹುಯ್ದ. ಆ ನೀರು ತನ್ನ ಮನೆಯ ಹಂಡೆಯೊಳಗೆ ಬೆರಳು ದಪ್ಪ ಸುಣ್ಣ ಕಟ್ಟಿಸಿದ್ದನ್ನು ದಿನವೂ ಸ್ನಾನಕ್ಕೆ ಹೋದಾಗ ನೋಡುತ್ತಿದ್ದವನು ಅವನೇ. ಮೀಟರಿನ ಪಕ್ಕದಲ್ಲಿ ಎಚ್ಚರಿಕೆಯ ಕಿತ್ತಳೆ ದೀಪ ಹತ್ತಿಕೊಂಡು ಆರದೆ ಉಳಿಯಿತು. ಅದರ ಮೇಲೆ ಕೊಟ್ಟೂರೇಶ್ವರನ ಸ್ಟಿಕ್ಕರ್ ಅಂಟಿಸಿದ. ದೀಪ ಆರಲಿಲ್ಲ. ಸ್ವಾಮಿಯ ತಲೆಯ ಹಿಂದೆ ಪ್ರಭೆ ಬಂದಂತಾಯಿತು. ಪಾಲಾಕ್ಷಪ್ಪನಿಗೆ ಅದೂ ಶುಭವಾಗಿಯೇ ಕಂಡಿತು.

ಏಜೆನ್ಸಿಯ ಪರಿಶೀಲನೆಗೆ ದಾವಣಗೆರೆಯಿಂದ ಪುಷ್ಪಲತಾ ಎಂಬ ಅಧಿಕಾರಿ ಬಂದಳು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದ, ಮೂವತ್ತೆರಡರ ಹೆಂಗಸು. ಹರಪನಹಳ್ಳಿಯಲ್ಲಿ ಶೋರೂಮಿನ ಜಾಗ ನೋಡಿದ ಮೇಲೆ, ಆಕೆ ಕೇಳದಿದ್ದರೂ ಪಾಲಾಕ್ಷಪ್ಪ ಬಾಗಳಿಯ ಕಲ್ಲೇಶ್ವರನ ಗುಡಿ ತೋರಿಸಲು ಕರೆದೊಯ್ದ. ಅಲ್ಲಿ ಒಂದು ಗಂಟೆ ಇತಿಹಾಸ ಹೇಳಿದ. ಆಕೆ ಅವನ ಮಾತು ಬಿಟ್ಟು ಲೇತಿನಂಥ ತಿರುಗಣಿಯಲ್ಲಿ ಕಡೆದ ಕಂಬಗಳ ನಯವನ್ನು ಬೆರಳಿಂದ ಮುಟ್ಟಿ ನೋಡಿದಳು.

ಹೊರಗೆ ಬಂದಾಗ ಕಾರು ಮೂತಿ ನೆಲಕ್ಕೂರಿ ನಿಂತಿತ್ತು.

“ನಿಮಗ ನಮಸ್ಕಾರ ಮಾಡಾಕತ್ತೈತ್ರಿ ಮೇಡಂ,” ಎಂದ.

ಆಕೆ ನಗಲಿಲ್ಲ. ಅವನು ಕೀಲಿ ತಿರುಗಿಸಿದ. ಯಂತ್ರ ನರಳಿತು, ಇನ್ನಷ್ಟು ನರಳಿತು, ಟಕ್ಕೆಂದು ನಿಂತಿತು. ಕಾರು ಏಳಲಿಲ್ಲ. ಪುಷ್ಪಲತಾ ಸೆರಗು ಬಿಗಿದು ಮಂಡಿಯೂರಿ ಕೆಳಗೆ ಮೊಬೈಲಿನ ಬೆಳಕು ಹಾಕಿದಳು. ಎದ್ದು ಒಳಗೆ ಬಗ್ಗಿ, ಸ್ವಾಮಿಯ ಹಿಂದಿನ ಪ್ರಭೆಯನ್ನೂ ನೋಡಿದಳು.

“ಗಾಳಿ ಚೀಲ ಹರಿದಿದೆ. ಎಷ್ಟು ದಿನ ಆಯ್ತು?”

“ಅದು ಹಂಗ ಇರಾದ್ರಿ.”

“ಪಾಲಾಕ್ಷಪ್ಪನವರೇ, ಒಂದು ಮಾತು ಕೇಳ್ತೀನಿ. ನಾಳೆ ಒಬ್ಬ ರೈತ ಬಂದು, ಟ್ರಾಕ್ಟರ್ ನೇಗಿಲು ಎತ್ತುತ್ತಿಲ್ಲ ಅಂದ್ರೆ ಏನು ಹೇಳ್ತೀರಿ?”

ಗೊತ್ತಿಲ್ಲ, ಮಾರೇಶನನ್ನು ಕೇಳುತ್ತೇನೆ ಎಂದಿದ್ದರೆ ಸಾಕಿತ್ತು. ಆಕೆ ಪೆನ್ನು ತೆರೆದು ಹಿಡಿದು ಕಾದಳು.

“ಭೂಮಿತಾಯಿಗೆ ನಮಸ್ಕಾರ ಮಾಡಾಕತ್ತೈತಿ ಅಂತೀನ್ರಿ,” ಎಂದು ಪಾಲಾಕ್ಷಪ್ಪ ಒಬ್ಬನೇ ನಕ್ಕ.

ಆಕೆ ಪುಸ್ತಕದಲ್ಲಿ ಒಂದು ಸಾಲು ಬರೆದು, ರಸ್ತೆಗೆ ನಡೆದು ಬಸ್ಸು ಹತ್ತಿದಳು.

ಏಜೆನ್ಸಿ ಹಗರಿಬೊಮ್ಮನಹಳ್ಳಿಯ ಒಬ್ಬನ ಪಾಲಾಯಿತು. ‘ನನಗ ಎಂಜಿನ್ ಗೊತ್ತಿಲ್ರಿ, ಗೊತ್ತಿದ್ದವನನ್ನ ಇಟಗೊಂತೀನಿ’ ಎಂದು ಅವನು ಮೊದಲ ಭೇಟಿಯಲ್ಲೇ ಹೇಳಿದ್ದನಂತೆ. ಹಾಗೆಯೇ ಮಾರೇಶನನ್ನು ಸಂಬಳಕ್ಕಿಟ್ಟುಕೊಂಡ. ವಿದೇಶಿ ಕಾರು ಲಾರಿಯ ಬೆನ್ನೇರಿ ಕೊಟ್ಟೂರಿಗೆ ಬಂದು, ಗೋದಾಮಿನ ಹಿಂದೆ ನಾಲ್ಕು ಕಲ್ಲುಗಳ ಮೇಲೆ ನಿಂತಿತು. ಅದರ ಬಿಳಿ ಸೀಟಿನ ಮೇಲೆ ನಾಗಲಿಂಗಮ್ಮ ಮೆಣಸಿನಕಾಯಿ ಒಣಹಾಕಿದಳು. ಗಾಜಿನ ಮಾಡಿನಿಂದ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಆ ಕಾರಿನಿಂದ ಆ ಮನೆಗಾದ ಉಪಯೋಗ ಅದೊಂದೇ.

ಊರಿನ ಮಾತಿಗೂ ಒಂದು ಲಾಭವಾಯಿತು. ಬೋರಿನ ಮೋಟರು ಸುಟ್ಟರೆ, ಗಿರಣಿಯ ಪಟ್ಟಿ ಹರಿದರೆ ಜನ ‘ನಮಸ್ಕಾರ ಮಾಡೈತಿ’ ಎನ್ನತೊಡಗಿದರು.

ಮರುವರ್ಷ ಗಾಳೆಪ್ಪ ಹೊಸ ಟ್ರಾಕ್ಟರಿನಲ್ಲಿ ಬಂದು ಅಂಗಡಿಯ ಮುಂದೆ ನಿಲ್ಲಿಸಿದ.

“ಹೆಂಗೈತೋ ಟ್ರಾಕ್ಟರು?” ಎಂದ ಪಾಲಾಕ್ಷಪ್ಪ, ಗಲ್ಲಾದಿಂದ ಏಳದೆ.

“ಚಲೋ ಐತ್ರಿ ಸಾವ್ಕಾರ್ರ. ಇನ್ನೂ ನಮಸ್ಕಾರ ಕಲತಿಲ್ಲ.”

ಯಾಕೆ ಕಲಿತಿಲ್ಲ ಎಂಬುದಕ್ಕೂ ಪಾಲಾಕ್ಷಪ್ಪನ ಬಳಿ ಉತ್ತರವಿತ್ತು. ಗಾಳೆಪ್ಪ ಅದನ್ನು ಪೂರ್ತಿ ಕೇಳಿಸಿಕೊಂಡು, ಬೀಜದ ಚೀಲ ಎತ್ತಿಕೊಂಡು ಹೋದ.