ಗುಲಾಬಿಯ ಬುಡಕ್ಕೆ ಹಾಕಿದ ಚರಟ

ನನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದ ಕಡೆಯಿಂದ ಚೆನ್ನೈಗೆ ಬಂದವನು ನಾನು. ಲೋಟ ತೊಳೆಯುತ್ತ ಶುರುಮಾಡಿ ಈಗ ವೆಸ್ಟ್ ಮಾಂಬಲಂನ ಒಂದು ಹೋಟೆಲಿನಲ್ಲಿ ಕಾಫಿ-ಚಾ ಮಾಸ್ಟರ್. ಮದುವೆಯಾಗಲಿಲ್ಲ, ಅಕ್ಕನ ಮನೆಯಲ್ಲೇ ಇದ್ದೇನೆ. ಟೆರೇಸಿನಲ್ಲಿ ಅಕ್ಕನ ಹನ್ನೊಂದು ಕುಂಡ ಗುಲಾಬಿ. ಕುಂಡ ಅಕ್ಕನದಾದರೂ ಕಡ್ಡಿ ನೆಟ್ಟದ್ದು, ಕೊಂಬೆ ಕತ್ತರಿಸುತ್ತಿದ್ದದ್ದು ಕೆಳಮನೆಯ ಮಾಮಿ. ಶುಕ್ರವಾರ ಬೆಳಿಗ್ಗೆ ಹೂ ಕೊಯ್ದು ಪಾಲು ಮಾಡಿಕೊಂಡು, ಇಬ್ಬರೂ ಮೆಟ್ಟಿಲ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಈ ಊರಲ್ಲಿ ಅಕ್ಕ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅವರೊಬ್ಬರ ಹತ್ತಿರ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಮಗಳ ಬಾಣಂತನಕ್ಕೆಂದು ಕೊಯಮತ್ತೂರಿಗೆ ಹೊರಟಳು. ಹೊರಡುವಾಗ ನನ್ನನ್ನು ಟೆರೇಸಿಗೆ ಕರೆದೊಯ್ದಳು.

"ಕಾಣ್, ಇನ್ನು ಮಂಜು ಬೀಳತ್ತ್. ನೀರು ಬೆಳಿಗ್ಗೆ ಮಾತ್ರ, ಬುಡಕ್ಕೆ. ಎಲೆ ಮೇಲೆ ಹಾಕ್ಬೇಡ. ಕಪ್ಪು ಚುಕ್ಕೆ ಬಿದ್ದ ಎಲೆ ಕಿತ್ ಬಿಸಾಕ್. ಗೊಬ್ಬರ ಎಂತದೂ ಬೇಡ, ನಾ ಬಂದ್ಮೇಲೆ ಹಾಕ್ತೆ."

"ನೀರ್ ಹಾಕೂಕೆ ಎಂತ ಪರೀಕ್ಷೆ ಪಾಸಾಯ್ಕಾ ಮಾರಾಯ್ತಿ?"

"ನೀ ಯಾವ್ದ್ ಪಾಸಾಯ್ದೆ, ಅದೊಂದ್ ಪಾಸಾಪುಕೆ!"

ಅವಳು ನಕ್ಕಳು, ನಾನೂ ನಕ್ಕೆ. ಆದರೆ ಒಳಗೆ ಚುಚ್ಚಿತು. ಅವಳು ಬರುವಷ್ಟರಲ್ಲಿ ಅಂಗೈಯಗಲದ ಹೂ ಬಿಡಿಸಿ ತೋರಿಸುತ್ತೇನೆ ಅಂದುಕೊಂಡೆ. ಹೋಟೆಲಿನಲ್ಲಿ ದಿನಾ ಚಾ ಸೋಸಿ ಉಳಿದ ಚರಟವನ್ನು ಬಕೆಟ್ಟುಗಟ್ಟಲೆ ಬಿಸಾಡುತ್ತೇವೆ. ಗುಲಾಬಿಗೆ ಅದು ಒಳ್ಳೆಯದೆಂದು ಗಿರಾಕಿಯೊಬ್ಬರು ಹೇಳಿದ್ದರು. ವಾರಕ್ಕೆರಡು ಸಲ ಬಕೆಟ್ ಹೊತ್ತು ತಂದು ಎಲ್ಲಾ ಕುಂಡಗಳ ಬುಡಕ್ಕೂ ಒತ್ತಿ ತುಂಬಿದೆ.

ಬಟ್ಟೆ ಒಣಗಿಸಲು ಬಂದ ಮಾಮಿ ನೋಡಿ ಗಾಬರಿಯಾದರು. "ತಂಬಿ, ಅಪ್ಪಡಿಯೇ ಪೋಡಾದೀಂಗ! ಅದುಲ ಪಾಲ್ ಇರುಕ್ಕು, ಸಕ್ಕರೈ ಇರುಕ್ಕು!" ಹಾಗೇ ಹಾಕಬಾರದು, ಹಾಲು-ಸಕ್ಕರೆ ಹೋಗುವ ಹಾಗೆ ತೊಳೆದು, ಒಣಗಿಸಿ, ಒಂದು ಚಿಟಿಕೆ ಹಾಕಬೇಕಂತೆ. ಚಾದ ವಿಷಯ ನನಗೆ ಹೇಳಿಕೊಡುವುದೇ? "ನಮ್ಮ ಚಾ ಊರೆಲ್ಲ ಕುಡಿಯುತ್ತದೆ ಮಾಮಿ, ಗಿಡ ಬೇಡ ಅನ್ನುತ್ತದಾ?" ಎಂದು ತಮಿಳಿನಲ್ಲೇ ಅಂದೆ. ಅವರು ಬಟ್ಟೆ ಹರವಿ ಇಳಿದು ಹೋದರು.

ಮೊದಲು ಇರುವೆ ಬಂತು. ಆಮೇಲೆ ಬುಡದಲ್ಲಿ ಬಿಳಿ ಬೂಷ್ಟು, ಹುಳಿ ವಾಸನೆ. ಕೊಂಬೆಗಳು ತುದಿಯಿಂದ ಕಪ್ಪಾಗುತ್ತ ಇಳಿದವು. ಪೊಂಗಲಿನ ಹೊತ್ತಿಗೆ ಎರಡೇ ಗಿಡ ಉಳಿದವು. ಅಕ್ಕ ಬರುವ ಹಿಂದಿನ ದಿನ ಕುಂಡಗಳ ಮೇಲಿದ್ದ ಚರಟವನ್ನೆಲ್ಲ ಕೆರೆದು ಕಸದ ತೊಟ್ಟಿಗೆ ಹಾಕಿದೆ. ಗೊತ್ತಿಲ್ಲದೆ ತಪ್ಪು ಮಾಡಿದೆ ಎನ್ನುವ ನೆವವೂ ನನಗಿಲ್ಲ.

"ಎಂತ ಆಯ್ತೋ ಇದ್ಕೆ?" ಅಕ್ಕ ಕುಂಡಗಳ ನಡುವೆ ಕುಸಿದು ಕೂತಳು.

ತಲೆಯ ಮೇಲೆ ಮಾಮಿಯ ಬಟ್ಟೆಯ ಹಗ್ಗವಿತ್ತು. "ಮಾಮಿ ಹಿಂಡದೆ ಬಟ್ಟೆ ಹಾಕ್ತ್ರ್. ಸೋಪಿನ ನೀರೆಲ್ಲ ಕುಂಡಕ್ಕೇ ಬೀಳತ್ತ್," ಅಂದೆ. ಇಷ್ಟು ಸಲೀಸಾಗಿ ಬಂತು ಸುಳ್ಳು.

ಅಕ್ಕ ದಡದಡ ಇಳಿದು ಹೋಗಿ ಕೂಗಾಡಿದಳು. ಚರಟದ ವಿಷಯ ಮಾಮಿ ಹೇಳಿದರು. ನಾನು ಅಕ್ಕನ ಹಿಂದೆಯೇ ನಿಂತಿದ್ದೆ. ನನ್ನ ತಮ್ಮ ಓದಿಲ್ಲದಿರಬಹುದು, ಸುಳ್ಳು ಹೇಳುವವನಲ್ಲ ಎಂದಳು ಅಕ್ಕ. ಮಾಮಿ ನನ್ನನ್ನೇ ನೋಡಿದರು. ನಾನು ಗೋಡೆ ನೋಡಿದೆ. ಥೂ!

ಮಾಮಿ ಹಗ್ಗ ಬಿಚ್ಚಿಕೊಂಡು ಹೋದರು. ಮೆಟ್ಟಿಲಲ್ಲಿ ಎದುರಾದರೂ ಇಬ್ಬರೂ ಮುಖ ತಿರುಗಿಸುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಅಕ್ಕ ಟಿವಿ ಹಾಕಿಕೊಂಡು ಕೂರತೊಡಗಿದಳು. ನಾನು ಎರಡು ವಾರ ಹೊಟ್ಟೆ ತುಂಬ ಉಂಡು ಕೆಲಸಕ್ಕೆ ಹೋದೆ.

ಆಮೇಲೊಂದು ದಿನ ಅಕ್ಕ ಸತ್ತ ಗಿಡಗಳನ್ನು ಕಿತ್ತಳು. ಬೇರಿನ ಜೊತೆ ಕಪ್ಪು ಮುದ್ದೆಯೊಂದು ಎದ್ದು ಬಂತು, ಅದರೊಳಗೆ ಜಜ್ಜಿದ ಶುಂಠಿಯ ನಾರು. "ಕಂಡ್ಯಾ? ಅಡುಗೆಮನೆ ಕಸವನ್ನೂ ನಮ್ಮ ಕುಂಡಕ್ಕೇ ಸುರ್ದಿತ್ತ್ ಆ ಹೆಂಗ್ಸ್!" ಎನ್ನುತ್ತ ಅದನ್ನು ಹಿಡಿದುಕೊಂಡು ಮೆಟ್ಟಿಲಿನತ್ತ ಹೊರಟಳು.

"ಅಕ್ಕ, ನಿಲ್ಲ್. ಅದು ನಮ್ಮ ಹೋಟೆಲಿನ ಚಾದ ಶುಂಠಿ," ಅಂದೆ. ಉಳಿದದ್ದನ್ನೂ ಹೇಳಿದೆ.

ಅವಳು ಬೈಯಲಿಲ್ಲ. ಮಣ್ಣಿನ ಕೈಯಲ್ಲೇ ನನ್ನ ರಟ್ಟೆ ಹಿಡಿದು ಕೆಳಗೆ ಎಳೆದೊಯ್ದಳು. ಬಾಗಿಲಲ್ಲಿ ನಿಂತು ತಪ್ಪೊಪ್ಪಿಕೊಂಡೆ. ಮಾಮಿ ನನ್ನ ಕಡೆ ತಿರುಗಲೂ ಇಲ್ಲ.

"ಅವನ್ ಪೊಯ್ ಸೊನ್ನಾನ್, ಸರಿ. ನೀ ಎಪ್ಪಡಿ ನಂಬಿನೇ?" ಎಂದು ಅಕ್ಕನನ್ನು ಕೇಳಿದರು. ಅವನು ಸುಳ್ಳು ಹೇಳಿದ, ಸರಿ. ನೀನು ಹೇಗೆ ನಂಬಿದೆ? ಬಾಗಿಲು ಮುಚ್ಚಿತು.

ಮೇಲೆ ಬಂದು, ನರ್ಸರಿಯಿಂದ ಒಂಬತ್ತು ಹೊಸ ಗಿಡ ತರುತ್ತೇನೆಂದು ಅಕ್ಕನಿಗೆ ಹೇಳಿದೆ.

"ಮಾಮೀನ ಯಾವ ನರ್ಸರಿಯಿಂದ ತರ್ತೆ?" ಎಂದಳು.